ವೆಂಕಟಲಕ್ಷ್ಮಮ್ಮನ ಐದನೇ ಬಟ್ಟಲು

ಹುಣಸೆಹಣ್ಣು ಸಾರಿಗೆ ಬಿದ್ದರೆ ವೆಂಕಟಲಕ್ಷ್ಮಮ್ಮನ ತಕರಾರಿಲ್ಲ. ಅದನ್ನು ಹಳೇ ಬಿಲ್ಲೆಗೆ ಹಚ್ಚಿ ತಿಕ್ಕಿದೆವು ಎಂದು ಯಾರಾದರೂ ಬಾಯಿಬಿಟ್ಟರೆ ಮಾತ್ರ ಆಕೆಗೆ ಅಂಗಾಲಿನಿಂದ ನೆತ್ತಿಯವರೆಗೆ ಉರಿ ಏರುತ್ತಿತ್ತು. ಭಾನುವಾರ ಬಂತೆಂದರೆ ಒಬ್ಬರಲ್ಲ ಒಬ್ಬರು ಹಾಗೆ ಬಾಯಿಬಿಡುವವರೇ. "ನೀವು ನೋಡ್ತೀರಾ ಅಂತ ನೆನ್ನೆನೇ ನೆನೆಹಾಕಿ ಫಳಫಳ ಅನ್ನಿಸ್ಕೊಂಡು ತಂದಿದೀನಿ ಅಮ್ಮ" ಎಂದು ನಗುನಗುತ್ತಾ ಕೈ ಚಾಚುತ್ತಿದ್ದರು. ಹೆಣದ ಮುಖಕ್ಕೆ ಪೌಡರು ಬಳಿದು, ಹೆಣ್ಣು ಹೇಗಿದೆ ನೋಡಿ ಅಂದ ಹಾಗೆ.

ಬಿಲ್ಲೆ ಎಂದರೆ ಬ್ಯಾಂಕಿನ ಬಿಲ್ಲೆ. ಬಿಳಿಯರ ಕಾಲದಲ್ಲಿ ದಂಡಿನ, ಅಂದರೆ ಕಂಟೋನ್ಮೆಂಟಿನ ಕಡೆಯ ಬ್ಯಾಂಕುಗಳಲ್ಲಿ ಚೆಕ್ಕು ಕೊಟ್ಟವರ ಕೈಗೆ ಹಿತ್ತಾಳೆಯ ದುಂಡು ಬಿಲ್ಲೆ ಕೊಡುತ್ತಿದ್ದರು. ಮೇಲೊಂದು ತೂತು, ಸುತ್ತ ಬ್ಯಾಂಕಿನ ಹೆಸರು, ನಡುವೆ ನಂಬರು. ಜವಾನ ನಂಬರು ಕೂಗಿದಾಗ ಎದ್ದುಹೋಗಿ ಬಿಲ್ಲೆ ಒಪ್ಪಿಸಿ ದುಡ್ಡು ತೆಗೆದುಕೊಳ್ಳಬೇಕು. ಬ್ಯಾಂಕುಗಳು ಮುಚ್ಚಿದವು, ಬಿಲ್ಲೆಗಳು ಉಳಿದವು. ಈಗ ಅವನ್ನು ಕೂಡಿಡುವ ಜನ ಇದ್ದಾರೆ. ಕೂಡಿಡುವವರಿಗೆ ಬಿಲ್ಲೆ ಸಿಕ್ಕಿದರೆ ಸಾಲದು, ಅದು ಎಷ್ಟರಮಟ್ಟಿಗೆ ಉಳಿದಿದೆ ಎಂದು ಯಾರಾದರೂ ನೋಡಿ ದರ್ಜೆ ಹೇಳಬೇಕು. ವಿಜಯನಗರ, ರಾಜಾಜಿನಗರ, ಬಸವೇಶ್ವರನಗರದ ಮಟ್ಟಿಗೆ ಹಾಗೆ ಹೇಳುವವಳು ವೆಂಕಟಲಕ್ಷ್ಮಮ್ಮ.

ಆಕೆ ಓದಿದ್ದು ಮೂರನೇ ಕ್ಲಾಸು. ಇಪ್ಪತ್ತಾರು ವರ್ಷ ದುಡಿದದ್ದು ನಾಯಂಡಹಳ್ಳಿಯ ಒಂದು ಬಫಿಂಗ್ ಶೆಡ್ಡಿನಲ್ಲಿ. ಗರಗರ ತಿರುಗುವ ಬಟ್ಟೆಯ ಚಕ್ರಕ್ಕೆ ನಲ್ಲಿ, ದೇವಸ್ಥಾನದ ಗಂಟೆ, ಬಾಗಿಲ ಹಿಡಿ ಎಲ್ಲವನ್ನೂ ಒತ್ತಿ ಹಿಡಿದು ಹೊಳೆಸುವ ಕೆಲಸ. ಮೂಗಿಗೆ ಸೆರಗು ಕಟ್ಟಿಕೊಂಡರೂ ಸಂಜೆ ಉಗುಳಿದರೆ ಕಪ್ಪು. ಏಳು ವರ್ಷದ ಹಿಂದೆ ಒಂದು ದಿನ ಚನ್ನಕೇಶವ ಎಂಬ ರಿಟೈರಾದ ಡ್ರಾಯಿಂಗ್ ಮೇಷ್ಟ್ರು ಕೈಚೀಲದ ತುಂಬ ಹಳೇ ಬಿಲ್ಲೆ ತಂದು, ಇವನ್ನು ಹೊಳೆಸಿಕೊಡಿ ಎಂದು ಕೇಳಿದ್ದರು. ಓನರು ಆಗಲಿ ಎಂದು ತಲೆಯಾಡಿಸಿದರೆ, ಕೆಲಸ ಮಾಡಬೇಕಾದ ವೆಂಕಟಲಕ್ಷ್ಮಮ್ಮ ಆಗಲ್ಲ ಎಂದಳು. "ಚಕ್ರ ಹಚ್ಚಿದ್ರೆ ಇವುಗಳ ಮುಖ ಕರಗೋಗುತ್ತೆ ಸಾರ್. ಮನೇಗ್ ತಗೊಂಡೋಗಿ, ಹಿಂಗೇ ಇಟ್ಕೊಳಿ." ಓನರಿಂದ ಬೈಸಿಕೊಂಡದ್ದು ಬೇರೆ ಮಾತು. ಮೇಷ್ಟ್ರು ಮಾರನೇ ಭಾನುವಾರ ಮತ್ತೆ ಬಂದರು, ಈ ಸಲ ಬಿಲ್ಲೆಗೆ ಬದಲು ಆಕೆಯನ್ನೇ ಕರೆಯುವುದಕ್ಕೆ. ಅವರ ಮನೆಯ ಮಹಡಿ ರೂಮಿನಲ್ಲಿ ಬಿಲ್ಲೆ ಕೂಡಿಡುವವರ ಕೂಟ ಸೇರುತ್ತಿತ್ತು. ಅಲ್ಲಿ ಎಲ್ಲರೂ ಪುಸ್ತಕ ನೋಡಿ ದರ್ಜೆ ಹೇಳುವವರು, ಬಿಲ್ಲೆ ನೋಡಿ ಹೇಳುವವರು ಯಾರೂ ಇರಲಿಲ್ಲ.

ಪುಸ್ತಕದ ಇಂಗ್ಲಿಷ್ ದರ್ಜೆಗಳು ಆಕೆಯ ತಲೆಗೆ ಹತ್ತಲಿಲ್ಲ. ಮನೆಯಿಂದ ಹಳೇ ಒಗ್ಗರಣೆ ಡಬ್ಬಿ ತಂದಳು. ಅದರೊಳಗೆ ಏಳು ಪುಟ್ಟ ಸ್ಟೀಲ್ ಬಟ್ಟಲು. ಒಂದನೆಯದು ಹೊಸದು, ಬ್ಯಾಂಕಿನ ಡ್ರಾಯರು ಬಿಟ್ಟು ಹೊರಗೇ ಬರದಿದ್ದ ಬಿಲ್ಲೆಗೆ. ಎರಡನೆಯದು ಕೈ ತಾಗಿದ್ದಕ್ಕೆ. ಮೂರು, ಅಂಚು ಹೋದದ್ದಕ್ಕೆ. ನಾಲ್ಕು, ಮುಖ ಹೋದದ್ದಕ್ಕೆ; ಹುಣಸೆಹಣ್ಣು, ಸಬೀನಾ, ಬೂದಿ ಕಂಡವೆಲ್ಲ ಅಲ್ಲಿಗೆ. ಐದು, ಚಕ್ರ ಕಂಡದ್ದಕ್ಕೆ. ಚಕ್ರ ಕಂಡ ಬಿಲ್ಲೆ ನೋಡಲು ಎಷ್ಟೇ ಚೆಂದವಿರಲಿ, ಐದೇ. ಆರನೇ ಬಟ್ಟಲು ಗೊತ್ತಾಗದೆ ಇದ್ದದ್ದಕ್ಕೆ. ಏಳನೆಯದರಲ್ಲಿ ಕನ್ನಡಕ ಒರೆಸುವ ಬಟ್ಟೆ ಮಡಿಸಿಟ್ಟಿರುತ್ತಿತ್ತು. ಆಕೆ ಬಟ್ಟಲಿಗೆ ಹಾಕಿದ ಮೇಲೆ ಚೀಟಿಯ ಮೇಲೆ ಅಂಕಿ ಬರೆದು ಪಕ್ಕದಲ್ಲಿ 'ವೆಂ' ಎಂದು ಗೀಚಬೇಕು. ಇಂಗ್ಲಿಷ್ ಹೆಸರು ಮೇಷ್ಟ್ರು ಬರೆದುಕೊಳ್ಳುತ್ತಿದ್ದರು.

ಆಕೆಯ ಕ್ರಮ ನೋಡಿದರೆ ಅವಸರದವರಿಗೆ ತಲೆ ಕೆಡುತ್ತಿತ್ತು. ಮೊದಲು ಕಣ್ಣು ಮುಚ್ಚಿ ಹೆಬ್ಬೆರಳಲ್ಲಿ ಸವರುವಳು. ಜನರ ಕೈಯಲ್ಲಿ ಸವೆದ ಬಿಲ್ಲೆ ಎಲ್ಲ ಕಡೆ ಒಂದೇ ಸಮ ಸವೆಯುವುದಿಲ್ಲ. ಹೆಬ್ಬೆರಳು ಕೂರುವ ಜಾಗ ಮೊದಲು ಹೋಗುತ್ತದೆ, ಮೊಳೆಗೆ ನೇತುಬಿದ್ದ ತೂತು ಮೇಲಕ್ಕೆ ಎಳೆದುಕೊಳ್ಳುತ್ತದೆ. ಹುಣಸೆಹಣ್ಣಿಗೆ ಆ ವಿವೇಕವಿಲ್ಲ, ಎಲ್ಲವನ್ನೂ ಸರಿಸಮ ತಿನ್ನುತ್ತದೆ. ಚಕ್ರದ ದಾರಿ ಬೇರೆ. ಅಕ್ಷರದ ಅಂಚು ನೆನೆದ ಬೆಲ್ಲದ ಹಾಗೆ ದುಂಡಗಾಗುತ್ತದೆ, ಮೈಮೇಲೆ ಕೂದಲೆಳೆಗಿಂತ ಸಣ್ಣ ಗೆರೆಗಳು ಬೀಳುತ್ತವೆ. ಇಷ್ಟನ್ನೂ ನೋಡಿ, ಮಗುಚಿ, ಮತ್ತೆ ನೋಡಿ, ಆಮೇಲೆ ಟಣ್ ಎಂದು ಬಟ್ಟಲಿಗೆ. ಏಳು ವರ್ಷದಲ್ಲಿ ಆಕೆ ಒಂದು ಬಟ್ಟಲಿಗೆ ಹಾಕಿದ್ದನ್ನು ಎತ್ತಿ ಇನ್ನೊಂದಕ್ಕೆ ಹಾಕಿದವರು ಒಬ್ಬರೂ ಇಲ್ಲ. ಗೊಣಗುತ್ತಿದ್ದರು, ಕಾಡುತ್ತಿದ್ದರು, ಆದರೆ ಬಟ್ಟಲಿಗೆ ಕೈ ಹಾಕುತ್ತಿರಲಿಲ್ಲ. ಬಾಡಿಗೆ ಮನೆಯ ಆ ಹೆಂಗಸಿಗೆ ಊರಲ್ಲಿ ಇದ್ದ ಗೌರವ ಎಂದರೆ ಅದೊಂದೇ, ಅದು ಆಕೆಗೂ ಗೊತ್ತಿತ್ತು.

ಆ ಭಾನುವಾರ ಬೆಳಗಿನಿಂದಲೇ ಆಕೆಗೆ ಯಾವುದೂ ಸರಿಹೋಗಲಿಲ್ಲ. ಡಬ್ಬಿ ಚೀಲಕ್ಕೆ ಹಾಕಿಕೊಳ್ಳುವಾಗ ಗಂಡ ಮುನಿಯಣ್ಣ ಮಂಚದ ಮೇಲಿಂದಲೇ ಶುರುಮಾಡಿದ್ದ.

"ಹೊರಟ್ರಪ್ಪ ಜಡ್ಜ್ ಸಾಹೇಬ್ರು. ಇವತ್ ಯಾರ್‍ಗೆ ಜೈಲು?"

"ನಿಮ್ಗೇ ಹಾಕ್ಬೇಕು. ಉಪ್ಪಿಟ್ಟು ಮುಚ್ಚಿಟ್ಟಿದೀನಿ, ಬಿಸಿ ಮಾಡ್ಕೊಂಡು ತಿನ್ನಿ. ಹಂಗೇ ತಿಂದು ಆಮೇಲೆ ಹೊಟ್ಟೆ ಹಿಡ್ಕೊಂಡು ಕೂತ್ಕೋಬೇಡಿ."

"ನಂಗೆ ಎಷ್ಟನೇ ಬಟ್ಲು ಲಕ್ಷ್ಮಿ?"

"ಆರನೇದು. ಇಷ್ಟ್ ವರ್ಷ ಆದ್ರೂ ಗೊತ್ತಾಗ್ಲಿಲ್ಲ."

ಮೆಟ್ರೋ ಸ್ಟೇಷನ್ನಿನಲ್ಲಿ ಸೆಕ್ಯುರಿಟಿ ಹುಡುಗಿ ಎಂದಿನಂತೆ ಚೀಲ ತೆಗೆಸಿದಳು. ಆರು ಖಾಲಿ ಬಟ್ಟಲು, ಏಳನೆಯದರಲ್ಲಿ ಬಟ್ಟೆ ಚೂರು ಕಂಡು ಎಂದಿನಂತೆ ಹುಬ್ಬೇರಿಸಿದಳು. ಅದೇ ಡಬ್ಬಿ, ಅದೇ ಹುಡುಗಿ, ಪ್ರತಿ ಭಾನುವಾರ ಅದೇ ಆಶ್ಚರ್ಯ! ವಿಜಯನಗರದಲ್ಲಿ ಇಳಿದು ಮೇಷ್ಟ್ರ ಮನೆ ಮುಟ್ಟುವಷ್ಟರಲ್ಲಿ ಆಕೆಯ ತಾಳ್ಮೆಯ ಅರ್ಧ ಖರ್ಚಾಗಿತ್ತು.

ಕೂಟದ ಉಳಿದವರು ಪ್ರದರ್ಶನದ ಓಡಾಟದಲ್ಲಿದ್ದರು, ಅಲ್ಲಿದ್ದ ಮೂವರೂ ತುದಿಗಾಲಲ್ಲಿದ್ದರು. ಮುಂದಿನ ಭಾನುವಾರ ಆರ್‌ಪಿಸಿ ಲೇಔಟಿನ ಕಲ್ಯಾಣ ಮಂಟಪದಲ್ಲಿ ಕೂಟದ ಪ್ರದರ್ಶನ. ದಂಡಿನ ಒಂದು ಬ್ಯಾಂಕಿನ ಒಂದರಿಂದ ನಲವತ್ತೆಂಟರವರೆಗಿನ ಬಿಲ್ಲೆಗಳನ್ನು ಪೂರ್ತಿ ಜೋಡಿಸಿ ತೋರಿಸುವುದೇ ಅದರ ದೊಡ್ಡ ಆಕರ್ಷಣೆ. ಅದಕ್ಕಾಗಿ ಗಾಜಿನ ಪೆಟ್ಟಿಗೆ ಮಾಡಿಸಿ, ಒಳಗೆ ಮಖಮಲ್ಲಿನಲ್ಲಿ ನಲವತ್ತೆಂಟು ಗುಳಿ ತೋಡಿಸಿದ್ದರು. ಮೂರನೇ ದರ್ಜೆಗಿಂತ ಕೆಳಗಿನದು ಪೆಟ್ಟಿಗೆಯೊಳಕ್ಕೆ ಹೋಗಕೂಡದು ಎಂದು ಮೇಷ್ಟ್ರೇ ನಿಯಮ ಮಾಡಿ, ಕರೆಯೋಲೆಯಲ್ಲೂ ಅಚ್ಚು ಹಾಕಿಸಿಬಿಟ್ಟಿದ್ದರು. ನಲವತ್ತೇಳು ಗುಳಿ ತುಂಬಿತ್ತು. ಅದರಲ್ಲಿ ಬಹುಪಾಲು ಮಧುಕುಮಾರನವು. ಸೈಟು ಮಾರಿಸುವ ಕೆಲಸದ ಅವನಿಗೆ ಮೂವತ್ತು ದಾಟಿರಲಿಲ್ಲ. ಒಳ್ಳೆಯವನೇ, ಆದರೆ ಎಲ್ಲವೂ ನಿನ್ನೆಯೇ ಆಗಿಬಿಡಬೇಕು ಎನ್ನುವ ಪೈಕಿ. ಖಾಲಿ ಉಳಿದದ್ದು ಮೂವತ್ತೊಂದನೇ ನಂಬರು. ಅದನ್ನು ಅವನು ಹೆಗ್ಗನಹಳ್ಳಿಯ ಒಂದು ಮನೆಯಲ್ಲಿ ಪತ್ತೆ ಮಾಡಿ, ಮನೆಯ ಹಿರಿಯ ಚಿಕ್ಕಹನುಮಯ್ಯನವರನ್ನೇ ಕಾರಿನಲ್ಲಿ ಕೂರಿಸಿಕೊಂಡು ಬಂದಿದ್ದ. ಎಂಬತ್ತನಾಲ್ಕರ ಮುದುಕ, ಗರಿಗರಿ ಬಿಳಿ ಪಂಚೆ. ಅವರ ತಂದೆ ಆ ಬ್ಯಾಂಕಿನ ಬಾಗಿಲಲ್ಲಿ ನಂಬರು ಕೂಗುತ್ತಿದ್ದ ಜವಾನ. ಬ್ಯಾಂಕು ಮುಚ್ಚಿದ ದಿನ ಬಿಲ್ಲೆ ಅವರ ಜೇಬಲ್ಲೇ ಉಳಿಯಿತಂತೆ. ಮರೆತು ಉಳಿಯಿತೋ, ನೆನಪಿಟ್ಟುಕೊಂಡು ಉಳಿಯಿತೋ, ಮನೆಯವರು ಕೇಳಲಿಲ್ಲ.

ಡಬ್ಬಿಯ ಮುಚ್ಚಳ ತೆಗೆಯುವುದಕ್ಕೂ ಕರೆಂಟು ಹೋಗುವುದಕ್ಕೂ ಸರಿಹೋಯಿತು. ಮಹಡಿ ರೂಮಿಗೆ ಇದ್ದದ್ದು ಒಂದೇ ಕಿಟಕಿ, ಅದರ ಮುಂದೆ ಪಕ್ಕದ ಮನೆಯ ಗೋಡೆ.

"ಥೂ, ಇವತ್ತೇ ಹೋಗ್ಬೇಕಿತ್ತಾ!" ಎಂದ ಮಧುಕುಮಾರ. "ಮೊಬೈಲ್ ಟಾರ್ಚ್ ಹಾಕ್ತೀನಿ ಆಂಟಿ, ನೋಡ್ಬಿಡಿ."

"ಟಾರ್ಚಲ್ಲಿ ನೋಡಕ್ಕೆ ನಾನೇನ್ ಹಲ್ಲಿನ ಡಾಕ್ಟ್ರಾ? ಮೇಲ್ ನಡೀರಿ."

ತಾರಸಿಗೆ ಹೋದರು. ಮೇಷ್ಟ್ರು ಚಾಪೆ ತಂದರು, ಮಧುಕುಮಾರ ಗಾಜಿನ ಪೆಟ್ಟಿಗೆ ಹೊತ್ತು ತಂದ, ಚಿಕ್ಕಹನುಮಯ್ಯ ಒಂದೊಂದು ಮೆಟ್ಟಿಲಿಗೂ ಒಬ್ಬೊಬ್ಬರನ್ನು ಬೈಯುತ್ತಾ ಹತ್ತಿ ಬಂದು ಕುರ್ಚಿಯಲ್ಲಿ ಕುಳಿತರು. ಮಾರ್ಗಶಿರದ ಬಿಸಿಲು ಓರೆಯಾಗಿ ಬೀಳುತ್ತಿತ್ತು. ಮುದುಕರು ಸೊಂಟದ ಗಂಟು ಬಿಚ್ಚಿ ಬಿಲ್ಲೆ ತೆಗೆದರು. ವೆಂಕಟಲಕ್ಷ್ಮಮ್ಮ ಕೈಗೆ ತೆಗೆದುಕೊಳ್ಳುವ ಮೊದಲೇ ದೂರದಿಂದಲೇ ಅದು ಕಣ್ಣಿಗೆ ಹೊಡೆಯಿತು. ಅಷ್ಟು ಹೊಳಪು.

"ಏನವ್ವಾ, ನಮ್ಮಪ್ಪನ ಬಿಲ್ಲೆಗೆ ಮಾರ್ಕ್ಸ್ ಹಾಕೋಳು ನೀನೇಯಾ?"

"ನಾನೇ ತಾತ. ಏನ್ ಹಚ್ಚಿದೀರಾ ಇದಕ್ಕೆ?"

"ಏನೂ ಹಚ್ಚಿಲ್ಲ."

"ಏನೂ ಇಲ್ವಾ?"

"ಏನೂ ಇಲ್ಲ ಕಣವ್ವಾ. ವರ್ಷಕ್ಕೊಂದ್ಸಲ ಆಯುಧಪೂಜೇಲಿ ಹುಣಸೇಹಣ್ಣು, ಉಪ್ಪು. ಅಷ್ಟೇಯಾ."

ಆಕೆ ಕಣ್ಣು ಮುಚ್ಚಿಕೊಂಡಳು. "ಎಷ್ಟ್ ವರ್ಷದಿಂದ?"

"ನಮ್ಮಪ್ಪ ತೀರ್ಕಂಡಾಗಿಂದ. ಎಪ್ಪತ್ತೊಂದ್ನೇ ಇಸ್ವಿ."

ಐವತ್ತು ದಾಟಿದ ಆಯುಧಪೂಜೆ! ಒಂದೊಂದಕ್ಕೂ ಒಂದು ನಿಂಬೆಗಾತ್ರ ಎಂದರೂ ಎಷ್ಟು ಹುಣಸೆಹಣ್ಣಾಯಿತು ಎಂದು ಲೆಕ್ಕ ಹಾಕಲು ಹೋಗಿ ಆಕೆಗೆ ಹಲ್ಲು ಜುಮ್ಮೆಂದಿತು. "ಕುಡ್ಲು, ಮಚ್ಚು, ಮೋಟ್ರು ಪೂಜೆ ಮಾಡಿ, ಬೇಡ ಅಂದೋರ್ ಯಾರು? ಅದ್ರ ಜೊತೆ ಇದನ್ಯಾಕ್ ತಾತ ಎಳೆದ್ರಿ?"

"ಇನ್ನೇನ್ ಮಾಡವ್ವಾ? ನಮ್ಮಪ್ಪ ನೇಗ್ಲು ಹಿಡೀಲಿಲ್ಲ. ಬಿಲ್ಲೆ ಹಿಡ್ಕಂಡು ಮೂವತ್ತೊಂದೂ... ಮೂವತ್ತೊಂದೂ... ಅಂತ ಕೂಗಿ ನಮ್ಮನ್ನ ಸಾಕ್ದ. ಅವನ್ ಆಯುಧ ಅದೇ ಅಲ್ವಾ? ಕೊಳೆ ಇಟ್ಕಂಡು ಪೂಜೆ ಮಾಡಕ್ಕಾಯ್ತದಾ?"

ಆ ಮಾತು ಸರಿಯಾಗಿದ್ದದ್ದಕ್ಕೇ ಆಕೆಗೆ ಇನ್ನಷ್ಟು ರೇಗಿತು. ಬಿಲ್ಲೆಯನ್ನು ಸವರಿದಳು, ಮಗುಚಿದಳು. ಅಕ್ಷರಗಳು ಬಸವಳಿದು ಮಲಗಿದ್ದವು. ನಂಬರಿನ ಮೂರರ ಹೊಟ್ಟೆ ಒಂದಿಷ್ಟು ಉಳಿದಿತ್ತು, ಪಕ್ಕದ ಒಂದು ಬರೀ ನೆರಳು. ತೂತಿನ ಮೇಲಂಚಿನಲ್ಲಿ ಮಾತ್ರ ಮೊಳೆಯ ಎಳೆತ ಇನ್ನೂ ಇತ್ತು. ಅಂಚಿನಲ್ಲಿ ಒಂದು ಚೂರು ಕುಂಕುಮ. ಟಣ್ ಎಂದು ನಾಲ್ಕನೇ ಬಟ್ಟಲಿಗೆ ಹಾಕಿದಳು.

ಮಧುಕುಮಾರ ಹಣೆ ಚಚ್ಚಿಕೊಂಡ. "ಆಂಟಿ, ಆಂಟಿ, ಪ್ಲೀಸ್. ಮೂರಕ್ಕೆ ಹಾಕಿ. ಒಂದೇ ಒಂದು ಪೀಸು. ಸೆಟ್ ಕಂಪ್ಲೀಟ್ ಆಗುತ್ತೆ."

"ಇದ್ರಲ್ಲಿ ಮೂರು ಎಲ್ಲಿದೆ ತೋರ್ಸು, ಹಾಕ್ತೀನಿ."

"ಗ್ಲಾಸ್ ಒಳಗಿರತ್ತೆ ಆಂಟಿ, ಯಾರಿಗ್ ಗೊತ್ತಾಗತ್ತೆ?"

"ಯಾರಿಗೂ ಗೊತ್ತಾಗಲ್ಲ ಅನ್ನೋ ಹಂಗಿದ್ರೆ ನನ್ನ ಯಾಕಪ್ಪ ನಾಯಂಡಹಳ್ಳಿಯಿಂದ ಕರೆಸ್ತೀರಾ? ನೀವ್ ನೀವೇ ಹಾಕ್ಕೊಂಡ್ ನೀವ್ ನೀವೇ ಚಪ್ಪಾಳೆ ತಟ್ಕೊಳಿ."

"ಅಲ್ಲ ಕಣವ್ವಾ," ಎಂದರು ಚಿಕ್ಕಹನುಮಯ್ಯ, "ನಮ್ಮಪ್ಪುಂದು ಫೇಲಾ?"

"ಫೇಲ್ ಅಲ್ಲ ತಾತ, ನಾಲ್ಕು."

"ಒಳಿಕ್ಕೆ ಬುಡಲ್ಲ ಅಂದ್ಮೇಲೆ ಫೇಲೇಯಾ."

ಚನ್ನಕೇಶವ ಮೇಷ್ಟ್ರು ಜಗಳ ಎಂದರೆ ಹೆದರುವವರು. ನಡುವೆ ಬಂದರು. "ವೆಂಕಟಲಕ್ಷ್ಮಮ್ಮನವರೇ, ಒಂದ್ ಕೆಲಸ ಮಾಡಿ. ಅಕ್ಕಪಕ್ಕದ ನಂಬರು ತೆಗೆದು ಜೊತೇಲಿಟ್ಟು ತೋರ್ಸಿ. ಮೂರಕ್ಕೂ ನಾಲ್ಕಕ್ಕೂ ಏನ್ ವ್ಯತ್ಯಾಸ ಅಂತ ಯಜಮಾನ್ರೂ ನೋಡ್ಲಿ, ಸಮಾಧಾನ ಆಗುತ್ತೆ."

ಆಯಿತು, ಅದೂ ಒಂದು ಆಗಿಹೋಗಲಿ ಎಂದು ಆಕೆ ಪೆಟ್ಟಿಗೆಯಿಂದ ಮೂವತ್ತನೇ ನಂಬರನ್ನು ಎತ್ತಿಕೊಂಡಳು. ಮೂರು ವರ್ಷದ ಹಿಂದೆ ಮಧುಕುಮಾರ ಭಾನುವಾರದ ಸಂತೆಯಲ್ಲಿ ಯಾರೋ ಹರಡಿಕೊಂಡು ಕುಳಿತವನ ಹತ್ತಿರ ಕೊಂಡು ತಂದದ್ದು, ತಾನೇ ಎರಡನೇ ಬಟ್ಟಲಿಗೆ ಹಾಕಿದ್ದು. "ಎಷ್ಟ್ ಚೆನ್ನಾಗಿ ಉಳ್ಕೊಂಡಿದೆ ನೋಡಿ" ಎಂದು ಅಂದು ನಾಲ್ಕು ಜನಕ್ಕೆ ತೋರಿಸಿದ್ದು ಕೂಡ ನೆನಪಿತ್ತು. ಎರಡನ್ನೂ ತಾರಸಿಯ ಮೋಟುಗೋಡೆಯ ಮೇಲೆ ಪಕ್ಕಪಕ್ಕದಲ್ಲಿಟ್ಟಳು.

"ನೋಡಪ್ಪ ಮಧು. ಇದು ತಾತಂದು, ಅಕ್ಷರ ಹೆಂಗ್ ಮಲ್ಕೊಂಡಿದೆ ನೋಡು. ಇದು ನಿಂದು. ಇದರದ್ದು..."

ಆಕೆ ಬಿಲ್ಲೆಯ ಮೇಲೆ ಬಾಗಿದಳು.

ಓರೆ ಬಿಸಿಲಲ್ಲಿ ಮೂವತ್ತರ ಮೈಮೇಲೆ ಗೆರೆಗಳಿದ್ದವು. ಕಪ್ಪಿನ ಅಡಿಯಲ್ಲಿ, ಉಸಿರಿನಷ್ಟು ತೆಳ್ಳಗೆ. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದಳು. ಗೆರೆಗಳು ಎಡದಿಂದ ಬಲಕ್ಕೆ ಇಳಿಜಾರಾಗಿದ್ದವು.

ವೆಂಕಟಲಕ್ಷ್ಮಮ್ಮನದು ಎಡಗೈ. ಶೆಡ್ಡಿನಲ್ಲಿ ಉಳಿದ ಎಂಟು ಜನರ ಗೆರೆ ಒಂದು ಕಡೆ ವಾಲಿದರೆ ಆಕೆಯ ಗೆರೆ ಇನ್ನೊಂದು ಕಡೆ ವಾಲುತ್ತಿತ್ತು. ಹೊಳಪು ಸಾಲದ ನಲ್ಲಿಯನ್ನು ಓನರು ಬೆಳಕಿಗೆ ಹಿಡಿದು ನೋಡಿ, ಗೆರೆ ಆ ಕಡೆ ವಾಲಿದ್ದರೆ ಇದು ಎಡಚಿಯದು ಎಂದು ನೇರವಾಗಿ ಆಕೆಯ ಹತ್ತಿರ ಬರುತ್ತಿದ್ದರು. ಆ ವಾಲು ಆಕೆಗೆ ತನ್ನ ಮುಖದಷ್ಟೇ ಗುರುತು.

ಹಳೆಯದೊಂದು ಚೀಲವೂ ನೆನಪಾಯಿತು. ಇಪ್ಪತ್ತು ವರ್ಷದ ಮೇಲಾಯಿತು. ಯಾರೋ ಕೀಚೈನು ಮಾಡುವವರು ಒಂದು ಗೋಣಿಚೀಲ ಹಳೇ ಬಿಲ್ಲೆ ತಂದು ಸುರಿದಿದ್ದರು. ಎರಡು ದಿನ ಕೂತು ಒಬ್ಬಳೇ ಉಜ್ಜಿದ್ದಳು. ಬಿಲ್ಲೆಗಳ ಮುಖ ಚಕ್ರಕ್ಕೆ ಹೇಗೆ ಕರಗುತ್ತದೆ ಎಂದು ಕಲಿತದ್ದೇ ಆ ಚೀಲದಿಂದ. ಅವೆಲ್ಲ ಕೀಚೈನಾಗಿ ಯಾವ್ಯಾವುದೋ ಜೇಬು ಸೇರಿದವು ಎಂದುಕೊಂಡಿದ್ದಳು. ಸೇರದೆ ಉಳಿದವನ್ನು ಯಾರೋ ಎಂಥದ್ದೋ ಹಚ್ಚಿ ಕಪ್ಪು ಮಾಡಿ ಸಂತೆಗೆ ತಂದಿದ್ದಾರೆ. ತಾನು ತನ್ನ ಕೈಕೆಲಸವನ್ನೇ ಕಣ್ಣರಳಿಸಿ ಹೊಗಳಿ ಎರಡನೇ ಬಟ್ಟಲಿಗೆ ಹಾಕಿದ್ದಾಳೆ.

"ಏನಾಯ್ತು ಆಂಟಿ?"

"ಏನಿಲ್ಲ" ಎಂದಳು. ಮೂವತ್ತೊಂದನ್ನು ನಾಲ್ಕನೇ ಬಟ್ಟಲಿಗೂ ಮೂವತ್ತನ್ನು ಅದರ ಗುಳಿಗೂ ವಾಪಸ್ಸು ಹಾಕಿದಳು.

ಬಿಸಿಲು ಇನ್ನೊಂದು ಗಳಿಗೆಯಲ್ಲಿ ಮೇಲೇರುತ್ತದೆ, ಓರೆ ಹೋಗುತ್ತದೆ. ಕರೆಂಟು ಬರುತ್ತದೆ. ಮಂಟಪದಲ್ಲಿ ಟ್ಯೂಬ್‌ಲೈಟು, ಮೇಲೆ ಗಾಜು. ಏಳು ವರ್ಷ ಯಾರೂ ಕೈ ಹಾಕದ ಬಟ್ಟಲು ಇನ್ನು ಮುಂದೆಯೂ ಹಾಗೆಯೇ ಇರುತ್ತದೆ. ಆಕೆ ಡಬ್ಬಿ ಮುಚ್ಚಲು ಮುಚ್ಚಳ ಕೈಗೆತ್ತಿಕೊಂಡಳು. ಆಮೇಲೆ, "ಹಾಳಾಗ್ ಹೋಗ್ಲಿ ಅತ್ಲಾಗೆ!" ಎಂದು ಯಾರಿಗೋ ಬೈದ ಹಾಗೆ ಬೈದು, ಮೂವತ್ತನ್ನು ಮತ್ತೆ ಎತ್ತಿ ಐದನೇ ಬಟ್ಟಲಿಗೆ ಹಾಕಿದಳು.

ಸದ್ದಿಗೆ ಮೂವರೂ ತಿರುಗಿದರು.

"ಆಂಟಿ, ಅದು ನಂದು. ತಾತಂದು ಇದು."

"ಗೊತ್ತು. ನಿಂದೇ ಐದು. ಚಕ್ರ ಕಂಡಿದೆ. ನಾನೇ ಉಜ್ಜಿರೋದು."

ಮಧುಕುಮಾರ ನಕ್ಕ, ಆಮೇಲೆ ನಗು ನಿಲ್ಲಿಸಿದ. "ತಮಾಷೆನಾ? ಯಾರೋ ಉಜ್ಜಿರ್ಬೋದು, ನೀವೇ ಅಂತ ಹೆಂಗ್ ಗೊತ್ತು?"

ಆಕೆ ಗೋಡೆಯ ಮೇಲಿದ್ದ ಇಟ್ಟಿಗೆ ಚೂರು ತೆಗೆದು ಅವನ ಕೈಗೆ ಕೊಟ್ಟಳು. "ನೆಲದ್ ಮೇಲೆ ಸರಸರ ಗೀಚು." ಅವನು ಗೀಚಿದ. ಆಕೆ ಅದೇ ಚೂರನ್ನು ಎಡಗೈಯಲ್ಲಿ ಹಿಡಿದು ಪಕ್ಕದಲ್ಲಿ ಗೀಚಿದಳು. ಅವನ ಗೆರೆಗಳು ಬಲಕ್ಕೆ ಏರಿದ್ದವು, ಆಕೆಯವು ಬಲಕ್ಕೆ ಇಳಿದಿದ್ದವು. ಡ್ರಾಯಿಂಗ್ ಮೇಷ್ಟ್ರಿಗೆ ಅದಕ್ಕಿಂತ ಹೆಚ್ಚು ಬೇಕಾಗಲಿಲ್ಲ. ಮೂವತ್ತು ವರ್ಷ ಎಡಗೈ ಮಕ್ಕಳ ಶೇಡಿಂಗು ತಿದ್ದಿದವರು. ಬಿಲ್ಲೆಯನ್ನು ಬಿಸಿಲಿಗೆ ಹಿಡಿದು ನೋಡಿ ಕೆಳಗಿಟ್ಟರು.

"ಹೌದು ಕಣಯ್ಯಾ ಮಧು" ಎಂದರು ಮೆಲ್ಲಗೆ.

"ಇಷ್ಟ್ ದಿನ ಕಾಣ್ದೇ ಇದ್ದಿದ್ದು ಇವತ್ತೇ ಕಾಣ್ಬೇಕಿತ್ತಾ? ಏಳ್ ದಿನ ಇದೆ ಆಂಟಿ ಶೋಗೆ!"

"ಆಗ ಇವರ ಕಣ್ಣಲ್ಲಿ ಪೊರೆ ಇತ್ತಲ್ಲ," ಎಂದರು ಮೇಷ್ಟ್ರು, ದಾರಿ ಸಿಕ್ಕಿದವರ ಹಾಗೆ. "ಆಪರೇಷನ್ ಆಗಿದ್ದು ಹೋದ್ ವರ್ಷ ತಾನೆ? ಪೊರೆ ಇತ್ತು, ಕಾಣ್ಲಿಲ್ಲ ಅಂದ್ರೆ ಯಾರೂ ಏನೂ ಅನ್ನಲ್ಲ."

"ಪೊರೆ ಕಣ್ಣಿಗಿತ್ತು ಮೇಷ್ಟ್ರೇ, ಬೆರಳಿಗಿರ್ಲಿಲ್ಲ. ಸವರಿದಾಗ್ಲೇ ಗೊತ್ತಾಗ್ಬೇಕಿತ್ತು. ಚೆನ್ನಾಗಿದೆ ಅಂತ ಖುಷಿಯಾಯ್ತು, ಮೈಮರೆತೆ."

ಮಧುಕುಮಾರ ಸುಮ್ಮನಾಗಲಿಲ್ಲ. ಪಾಪ, ಕಳೆದುಕೊಳ್ಳುವವನು ಅವನು. "ಹಂಗಾದ್ರೆ ಮಿಕ್ಕಿದ್ದಕ್ಕೆಲ್ಲ ಏನ್ ಗ್ಯಾರಂಟಿ? ನಿಮ್ಮ ಮಾತ್ ನಂಬ್ಕೊಂಡ್ ತಾನೆ ನಾನು ಇಷ್ಟೂ ಸೇರ್ಸಿದ್ದು? ನಾಳೆ ಇನ್ನೊಂದನ್ನ ಎತ್ಕೊಂಡು ಇದೂ ಅಲ್ಲ ಅಂದ್ರೆ?"

ಆಕೆ ಹೆದರಿದ್ದುದೇ ಆ ಮಾತಿಗೆ. ಆದರೂ ಉತ್ತರ ಇದ್ದದ್ದು ಒಂದೇ.

"ಗ್ಯಾರಂಟಿ ಇಲ್ಲ. ಅದಕ್ಕೇ ನಲವತ್ತಾರನ್ನೂ ಇನ್ನೊಂದ್ಸಲ ನೋಡ್ತೀನಿ. ತೆಗಿ ಗಾಜು."

ಒಂದರಿಂದ ಶುರುಮಾಡಿದಳು. ಒಂದೊಂದನ್ನೂ ಕಣ್ಣು ಮುಚ್ಚಿ ಸವರಿ, ಬಿಸಿಲಿಗೆ ಓರೆ ಹಿಡಿದು, ಮಗುಚಿ, ಮತ್ತೆ ಸವರಿ. ಕರೆಂಟು ಬಂತು, ಕೆಳಗೆ ಫ್ಯಾನು ತಿರುಗುವ ಸದ್ದು ಕೇಳಿಸಿತು, ಆಕೆ ಏಳಲಿಲ್ಲ. ಬಿಸಿಲು ನೆತ್ತಿಗೆ ಬಂದಾಗ ಗೆರೆ ಕಾಣುವುದಿಲ್ಲ ಎಂದು ಹೊತ್ತು ವಾಲುವವರೆಗೆ ಕೈಕಟ್ಟಿ ಕುಳಿತಳು. ಊಟಕ್ಕೆ ಕರೆದರೂ ಇಳಿಯಲಿಲ್ಲ. ಮೇಷ್ಟ್ರ ಮನೆಯವರು ಬೋಂಡ ಕಳಿಸಿದರು, ಚಿಕ್ಕಹನುಮಯ್ಯ ನಾಲ್ಕು ತಿಂದು ಕುರ್ಚಿಯಲ್ಲೇ ತೂಕಡಿಸಿದರು. ಮಧುಕುಮಾರ ಮೂಲೆಯಲ್ಲಿ ನಿಂತು ಫೋನಿನಲ್ಲಿ ಯಾರೊಂದಿಗೋ ರೇಗಾಡಿ ಬಂದ, ಮತ್ತೆ ಹೋದ. ಮಧ್ಯೆ ಇಪ್ಪತ್ತೆರಡನೇ ನಂಬರು ಮೂರರಿಂದ ಎರಡಕ್ಕೆ ಏರಿತು. ಅದನ್ನು ಅಂದು ಕಡಿಮೆ ತೂಗಿದ್ದಳು. ಅದನ್ನೂ ಗಟ್ಟಿಯಾಗಿ ಹೇಳಿದಳು. ನೀರಿನ ಟ್ಯಾಂಕಿನ ನೆರಳು ಚಾಪೆಗೆ ಬರುವಷ್ಟರಲ್ಲಿ ಐದನೇ ಬಟ್ಟಲಿನಲ್ಲಿ ಹನ್ನೊಂದು ಬಿಲ್ಲೆಗಳಿದ್ದವು. ಹನ್ನೊಂದೂ ಮಧುಕುಮಾರನವು, ಹನ್ನೊಂದೂ ಎಡಗೈಯವು.

ಚಿಕ್ಕಹನುಮಯ್ಯ ಎಚ್ಚರಾಗಿ ಪೆಟ್ಟಿಗೆ ಕಡೆ ನೋಡಿದರು. ಹಲ್ಲು ಉದುರಿದ ಬಾಯಿಯ ಹಾಗೆ ಕಾಣುತ್ತಿತ್ತು ಅದು.

"ಅಯ್ಯೋ ಶಿವನೇ, ಅರ್ಧ ಖಾಲಿ ಮಾಡ್ಬುಟ್ಯಲ್ಲವ್ವಾ! ಮಿಷಿನ್ನು ಕಂಡಿದ್ದೆಲ್ಲಾ ಆಚಿಗೆ ಹೋಯ್ತು. ನಮ್ಮಪ್ಪುಂದು ಮಿಷಿನ್ನು ಕಂಡಿಲ್ಲ ತಾನೆ?"

"ಕಂಡಿಲ್ಲ ತಾತ."

"ಹಂಗಾರೆ ಈಗ್ಲಾದ್ರೂ ಮೂರಕ್ಕೆ ಹತ್ತಿಸು."

"ನಾಲ್ಕು."

"ಇಷ್ಟೆಲ್ಲ ಆದ್ಮೇಲೂವೆ?"

"ಇಷ್ಟೆಲ್ಲ ಆದ್ಮೇಲೆ ನಾಲ್ಕೇ."

ಮುದುಕರಿಗೆ ಕೋಪ ಬಂತು. ಕುರ್ಚಿಯಿಂದ ಬಾಗಿ, ಎರಡು ಬೆರಳಲ್ಲಿ ತಮ್ಮ ಬಿಲ್ಲೆಯನ್ನು ನಾಲ್ಕರಿಂದ ಎತ್ತಿ ಮೂರನೇ ಬಟ್ಟಲಿಗೆ ಹಾಕಿಬಿಟ್ಟರು. ಮೇಷ್ಟ್ರು "ಆ... ಆ..." ಎಂದರು. ವೆಂಕಟಲಕ್ಷ್ಮಮ್ಮ ಅದನ್ನು ನೋಡುತ್ತಾ ಕುಳಿತಳು. ಬೆಳಿಗ್ಗೆಯಾಗಿದ್ದರೆ ಅವರ ಕೈಯಿಂದಲೇ ಕಿತ್ತುಕೊಳ್ಳುತ್ತಿದ್ದಳು. ಈಗ ಹನ್ನೊಂದು ತಪ್ಪು ಮಾಡಿದವಳು ಯಾವ ಬಾಯಲ್ಲಿ ಬೇಡ ಅನ್ನುವುದು ಎಂದು ತಿಳಿಯಲಿಲ್ಲ.

ಮೂಲೆಯಲ್ಲಿದ್ದ ಮಧುಕುಮಾರ ಫೋನು ಜೇಬಿಗೆ ಹಾಕಿಕೊಂಡು ಬಂದ. ಚಾಪೆಯ ಮುಂದೆ ಕುಕ್ಕರಗಾಲಲ್ಲಿ ಕುಳಿತು, ಮೂರನೇ ಬಟ್ಟಲಿಂದ ಬಿಲ್ಲೆ ತೆಗೆದು ನಾಲ್ಕಕ್ಕೆ ಹಾಕಿದ.

"ತಾತ, ಅದಕ್ಕೆಲ್ಲ ಕೈ ಹಾಕ್ಬಾರ್ದು."

"ಲೇ, ಬೆಳಿಗ್ಗೆ ನೀನೇ ತಾನೆ ಮೂರು ಮೂರು ಅಂತ ಬಡ್ಕಂತಿದ್ದೆ?"

"ಬಡ್ಕೊಂಡೆ. ಅವ್ರು ನಾಲ್ಕು ಅಂದ್ರು." ಅವನ ಮುಖ ಇನ್ನೂ ಊದಿಕೊಂಡೇ ಇತ್ತು, ಆಕೆಯ ಕಡೆ ನೋಡಲಿಲ್ಲ. "ಮೇಷ್ಟ್ರೇ, ಮೊದ್ಲಿನ ಚೀಟಿ ಎಲ್ಲ ಹರಿದ್ಹಾಕಿ. ಹೊಸಾದ್ ಕೊಡಿ, ಬರ್ಕೊಡ್ಲಿ. ಆ ಖಾಲಿ ಗುಳಿಲೆಲ್ಲ ಏನ್ ಇಡ್ತೀರೋ ನೀವೇ ಯೋಚ್ನೆ ಮಾಡಿ, ನಂಗಂತೂ ತಲೆ ಓಡ್ತಿಲ್ಲ."

ವೆಂಕಟಲಕ್ಷ್ಮಮ್ಮ ಚೀಟಿಗಳನ್ನು ತೊಡೆಯ ಮೇಲೆ ಜೋಡಿಸಿಕೊಂಡಳು. ಮೊದಲು ಮೂವತ್ತೊಂದಕ್ಕೆ ನಾಲ್ಕು ಬರೆದು 'ವೆಂ' ಗೀಚಿ ಮುದುಕರ ಕೈಗೆ ಕೊಟ್ಟಳು. ಅವರು ಅದನ್ನು ಕಣ್ಣಿಂದ ದೂರ ಹಿಡಿದು, ಹತ್ತಿರ ಹಿಡಿದು, ಕೊನೆಗೆ ಸೊಂಟದ ಗಂಟಿಗೆ ಸೇರಿಸಿಕೊಂಡು, ಬಿಲ್ಲೆಯನ್ನು ಮಾತ್ರ ಬಟ್ಟಲಲ್ಲೇ ಬಿಟ್ಟರು. ಆಕೆ ಮುಂದಿನ ಚೀಟಿ ತೆಗೆದುಕೊಂಡು, ಎಡಗೈಯಲ್ಲಿ ಪೆನ್ನು ಒತ್ತಿ ಹಿಡಿದು, ಹನ್ನೊಂದರಲ್ಲಿ ಮೊದಲನೆಯದಕ್ಕೆ ಐದು ಎಂದು ಬರೆಯಲು ಬಾಗಿದಳು.

"ಗಾಳಿಗ್ ಅಡ್ಡ ನಿಂತ್ಕೊಳಪ್ಪ ಮಧು," ಎಂದಳು, "ಚೀಟಿ ಹಾರ್ತಿದೆ."

ಅವನು ಗೊಣಗುತ್ತಲೇ ಎದ್ದು ನಿಂತ.